ಸಣ್ಣ ಸಿ.ಎನ್.ಸಿ. ರೌಟರ್‌ಗೆ ಕಡಿಮೆ ಖರ್ಚಿನ ಕಂಟ್ರೋಲ್ ಬೋರ್ಡ್: ಯಾವುದನ್ನು ಕೊಳ್ಳುವುದು?

ಮಾಲೂರು ಮರಗೆಲಸ

ನಾನು ಮಾಲೂರಿನಲ್ಲಿ ಬಾಗಿಲು ಮತ್ತು ದೇವರ ಮಂಟಪಗಳ ಮರಗೆಲಸ ಮಾಡುತ್ತೇನೆ. ಮುಚ್ಚಿಹೋದ ವರ್ಕ್‌ಶಾಪ್ ಒಂದರಿಂದ ಎರಡಡಿ ಅಗಲ, ಮೂರಡಿ ಉದ್ದದ, ಕಂಪ್ಯೂಟರಿನ ಆಜ್ಞೆಯಂತೆ ಮರ ಕೆತ್ತುವ (ಸಿ.ಎನ್.ಸಿ.) ರೌಟರ್ ಯಂತ್ರವನ್ನು ಕೊಂಡಿದ್ದೇನೆ. 5 ಮಿ.ಮೀ. ಲೀಡ್‌ನ (ಒಂದು ಸುತ್ತಿಗೆ 5 ಮಿ.ಮೀ. ಸರಿಸುವ) ಬಾಲ್ ಸ್ಕ್ರೂಗಳು, ಮೂರು ನೆಮಾ 23 ಸ್ಟೆಪ್ಪರ್ ಮೋಟರ್‌ಗಳು, ಆ ಮೋಟರ್‌ಗಳಿಗೆ ವಿದ್ಯುತ್ ಹಾಯಿಸುವ ಟಿಬಿ6600 ಡ್ರೈವರ್‌ಗಳು, ಕೊರೆಯುವ ಬಿಟ್ಟನ್ನು ತಿರುಗಿಸುವ 1.5 ಕಿಲೋವ್ಯಾಟ್ ಸ್ಪಿಂಡಲ್ ಮತ್ತು ಅದರ ವೇಗ ನಿಯಂತ್ರಿಸುವ ವಿ.ಎಫ್.ಡಿ. ಎಲ್ಲವೂ ಇವೆ, ಕಂಪ್ಯೂಟರಿಗೂ ಡ್ರೈವರ್‌ಗಳಿಗೂ ನಡುವೆ ಇರಬೇಕಾದ ಬೋರ್ಡ್ ಮಾತ್ರ ಇಲ್ಲ. ಅದಕ್ಕಾಗಿ ನಾನು ಮೀಸಲಿಟ್ಟಿರುವುದು 5,000 ರೂಪಾಯಿ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿದಾಗ ಒಬ್ಬರು ಕಂಪ್ಯೂಟರಿನ ಹಳೆಯ ಪ್ರಿಂಟರ್ ಪೋರ್ಟಿಗೆ, ಅಂದರೆ ಪ್ಯಾರಲಲ್ ಪೋರ್ಟಿಗೆ, ಜೋಡಿಸುವ ಬ್ರೇಕ್‌ಔಟ್ ಬೋರ್ಡ್ ತೋರಿಸಿದರು, ಮತ್ತೊಬ್ಬರು ಆರ್ಡುಯಿನೋ ಊನೋ ಎಂಬ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡ್ ಜೊತೆ ಅದರ ಮೇಲೆ ಕೂರುವ ಸಿ.ಎನ್.ಸಿ. ಶೀಲ್ಡ್ ಸಾಕು ಎಂದರು, ಮೂರನೆಯವರು ಮ್ಯಾಕ್3 ತಂತ್ರಾಂಶಕ್ಕೆಂದು ಮಾರುವ ಯು.ಎಸ್.ಬಿ. ಕಾರ್ಡನ್ನು ಕೈಗಿಟ್ಟರು. ನನ್ನ ಬಳಿ ಇರುವುದು ಲ್ಯಾಪ್‌ಟಾಪ್. ಅದರಲ್ಲಿ ಪ್ಯಾರಲಲ್ ಪೋರ್ಟ್ ಇಲ್ಲ. ಪ್ರಿಂಟರ್‌ಗೆ ಬಳಸುವ ಯು.ಎಸ್.ಬಿ.-ಪ್ಯಾರಲಲ್ ಕೇಬಲ್ ಹಾಕಿಕೊಂಡರೆ ಮೊದಲನೆಯ ಬೋರ್ಡ್ ನಡೆದೀತೇ? ಸಾಗುವಾನಿಯಲ್ಲಿ ಕೆತ್ತನೆ ಮುಖ್ಯ ಕೆಲಸ. ಶಿವಾರಪಟ್ಟಣದ ಶಿಲ್ಪಿಯೊಬ್ಬರು ಕಲ್ಲಿನ ಫಲಕಗಳಲ್ಲಿ ಅಕ್ಷರ ಕೊರೆದುಕೊಡಲು ಸಾಧ್ಯವೇ ಎಂದೂ ಕೇಳಿದ್ದಾರೆ.

ತುಮಕೂರು ಫಿಟ್ಟರ್

ಆ ಕೇಬಲ್ಲನ್ನು ದಯವಿಟ್ಟು ಕೊಳ್ಳಬೇಡಿ. ಅದು ಪ್ರಿಂಟರ್‌ಗೆ ಅಕ್ಷರಗಳನ್ನು ಕಂತು ಕಂತಾಗಿ ತಲುಪಿಸುವ ಸಾಧನವೇ ಹೊರತು, ಒಂದೊಂದು ಪಿನ್ನನ್ನೂ ಮೈಕ್ರೋಸೆಕೆಂಡ್ ಲೆಕ್ಕದಲ್ಲಿ ಏರಿಸಿ ಇಳಿಸುವ ಪೋರ್ಟ್ ಅಲ್ಲ. ಮ್ಯಾಕ್3ರ ಪ್ಯಾರಲಲ್ ಪೋರ್ಟ್ ಡ್ರೈವರ್ ತಂತ್ರಾಂಶ 64 ಬಿಟ್ ವಿಂಡೋಸ್‌ನಲ್ಲಿ ನಡೆಯುವುದೂ ಇಲ್ಲ. ಆದ್ದರಿಂದ ಲ್ಯಾಪ್‌ಟಾಪ್ ಇಟ್ಟುಕೊಂಡು ಆ ದಾರಿ ಹಿಡಿಯುವುದು ವ್ಯರ್ಥ.

ಬೋರ್ಡಿನ ಹೆಸರನ್ನು ಬದಿಗಿಟ್ಟು ಮೊದಲು ಲೆಕ್ಕ ಹಾಕೋಣ. ನಿಮ್ಮ ಮೋಟರ್ ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಡ್ರೈವರನ್ನು 8 ಮೈಕ್ರೋಸ್ಟೆಪ್‌ಗೆ ಇಟ್ಟರೆ (ಒಂದು ಹೆಜ್ಜೆಯನ್ನು 8 ಭಾಗ ಮಾಡಿದರೆ) ಸುತ್ತಿಗೆ 1600 ಪಲ್ಸ್ (ಹೆಜ್ಜೆ ಇಡಿಸುವ ಸಂಕೇತ) ಆಗುತ್ತವೆ, ಅಂದರೆ 5 ಮಿ.ಮೀ. ಲೀಡ್‌ನಲ್ಲಿ ಒಂದು ಮಿ.ಮೀ.ಗೆ 320 ಪಲ್ಸ್. ನಿಮಿಷಕ್ಕೆ 3000 ಮಿ.ಮೀ. ವೇಗ ಬೇಕೆಂದರೆ ಸೆಕೆಂಡಿಗೆ 50 ಮಿ.ಮೀ., ಹಾಗಾಗಿ ಸೆಕೆಂಡಿಗೆ 16,000 ಪಲ್ಸ್ ಸಾಕು. ಊನೋ ಮೇಲೆ ನಡೆಯುವ ಗರ್ಬಲ್ ತಂತ್ರಾಂಶ ಸುಮಾರು 30,000 ಪಲ್ಸ್ ಕೊಡಬಲ್ಲದು. ಆದರೆ ನುಣುಪು ಹೆಚ್ಚಲೆಂದು ಡ್ರೈವರನ್ನು 32ಕ್ಕೆ ಇಟ್ಟರೆ ಅದೇ ವೇಗಕ್ಕೆ 64,000 ಪಲ್ಸ್ ಬೇಕಾಗಿ, ಊನೋ ಕೈಚೆಲ್ಲುತ್ತದೆ. ಬೋರ್ಡ್ ಸರಿಯಿಲ್ಲ ಎಂದು ದೂರುವವರಲ್ಲಿ ಅನೇಕರು ಈ ಗುಣಾಕಾರವನ್ನೇ ಮಾಡಿರುವುದಿಲ್ಲ.

ನನ್ನ ಸಲಹೆ ಊನೋ ಮತ್ತು ಶೀಲ್ಡ್. ಎರಡೂ ಸೇರಿ ಸಾವಿರ ರೂಪಾಯಿಯೊಳಗೆ ಸಿಗುತ್ತವೆ. ಶೀಲ್ಡ್‌ನ ಮೇಲಿನ ಪುಟ್ಟ ಡ್ರೈವರ್ ಸಾಕೆಟ್‌ಗಳನ್ನು ಖಾಲಿ ಬಿಡಿ, ಏಕೆಂದರೆ ಅಲ್ಲಿ ಕೂರುವ ಎ4988 ಚಿಪ್ ಎಷ್ಟೇ ತಂಪು ಮಾಡಿದರೂ 2 ಆಂಪಿಯರ್ ಮೀರುವುದಿಲ್ಲ, ನೆಮಾ 23 ಮೋಟರ್‌ಗಳು ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಕೇಳುತ್ತವೆ. ಸ್ಟೆಪ್ ಮತ್ತು ಡೈರೆಕ್ಷನ್ ಪಿನ್‌ಗಳಿಂದ ತಂತಿ ಎಳೆದು ನಿಮ್ಮ ಟಿಬಿ6600ಗಳಿಗೆ ಕೊಡಿ. ಊನೋ 5 ವೋಲ್ಟ್‌ನದು, ಆ ಡ್ರೈವರ್‌ಗಳ ಇನ್‌ಪುಟ್ ಕೂಡ 5 ವೋಲ್ಟ್‌ಗೆ ಒಗ್ಗುತ್ತದೆ. ಮುಂದೆ ಇಎಸ್‌ಪಿ32 ಬೋರ್ಡ್‌ಗೆ ಹೋಗುವಿರಾದರೆ ಅದು 3.3 ವೋಲ್ಟ್‌ನದೆಂದು ನೆನಪಿಡಿ. ನಡುವೆ ಸಂಕೇತವನ್ನು 5 ವೋಲ್ಟ್‌ಗೆ ಏರಿಸುವ 74ಎಚ್‌ಸಿಟಿ245 ಬಗೆಯ ಬಫರ್ ಹಾಕದಿದ್ದರೆ ಹೆಜ್ಜೆ ತಪ್ಪುವ ಸಾಧ್ಯತೆಯಿದೆ.

ಕೆ.ಜಿ.ಎಫ್. ವೈರ್‌ಮನ್

ಮೇಲಿನವರ ಲೆಕ್ಕ ಸರಿಯಾಗಿದೆ, ಆದರೆ ಅವರು ಹೇಳಿದ್ದು ಯಂತ್ರಕ್ಕೆ ಹೋಗುವ ಸಂಕೇತದ ವಿಷಯ ಮಾತ್ರ. ಅಗ್ಗದ ಬೋರ್ಡ್‌ಗಳು ಸೋಲುವುದು ಯಂತ್ರದಿಂದ ಬರುವ ಸಂಕೇತದಲ್ಲಿ. ನನ್ನ ಮೊದಲ ಯಂತ್ರದಲ್ಲಿ ವಿ.ಎಫ್.ಡಿ. ಚಾಲೂ ಮಾಡಿದ ಕೂಡಲೇ, ಯಾವ ಸ್ವಿಚ್ಚನ್ನೂ ಮುಟ್ಟದೆ, ಅಕ್ಷ ತನ್ನ ಕೊನೆ ಮುಟ್ಟಿತೆಂಬ ಲಿಮಿಟ್ ಅಲಾರಂ ಬರುತ್ತಿತ್ತು; ಎರಡು ವಾರ ತಂತ್ರಾಂಶವನ್ನೇ ತಪ್ಪಿತಸ್ಥ ಎಂದುಕೊಂಡಿದ್ದೆ. ಪಿನ್ನನ್ನು 5 ವೋಲ್ಟ್‌ನಲ್ಲಿ ಹಿಡಿದಿಡುವ, ಊನೋದ ಒಳಗಿನ ಪುಲ್‌ಅಪ್ ರೆಸಿಸ್ಟರ್ 20ರಿಂದ 50 ಕಿಲೋ ಓಮ್‌ನಷ್ಟು ದುರ್ಬಲವಾದದ್ದು. ಸ್ಪಿಂಡಲ್ ಕೇಬಲ್ಲಿನ ಪಕ್ಕದಲ್ಲೇ ಓಡುವ ಉದ್ದನೆಯ ಲಿಮಿಟ್ ತಂತಿ ಆಂಟೆನಾದಂತೆ ಗದ್ದಲವನ್ನೆಲ್ಲ ಹಿಡಿದು ಆ ಪಿನ್ನಿಗೆ ತಂದು ಸುರಿಯುತ್ತದೆ.

ಹಾಗಾಗಿ ಉಳಿದ ಹಣವನ್ನು ಇಲ್ಲಿ ಖರ್ಚು ಮಾಡಿ. ಲಿಮಿಟ್ ಸ್ವಿಚ್‌ಗಳನ್ನು 12 ಅಥವಾ 24 ವೋಲ್ಟ್‌ನ ಪ್ರತ್ಯೇಕ ಸಪ್ಲೈ ಮೇಲೆ ಓಡಿಸಿ, ಸಂಕೇತವನ್ನು ಬೆಳಕಿನಿಂದ ದಾಟಿಸುವ ಪಿಸಿ817 ಆಪ್ಟೋಕಪ್ಲರ್ ಮೂಲಕ ಊನೋಗೆ ಕೊಡಿ. ಸ್ವಿಚ್‌ಗಳನ್ನು ಎನ್.ಸಿ. (ಒತ್ತದಿದ್ದಾಗ ಕೂಡಿಕೊಂಡಿರುವ) ಸಂಪರ್ಕದಲ್ಲಿ ಜೋಡಿಸಿ ಗರ್ಬಲ್‌ನ 5ನೆಯ ಸೆಟ್ಟಿಂಗನ್ನು 1ಕ್ಕೆ ಇಟ್ಟರೆ, ತಂತಿಯನ್ನು ಇಲಿ ಕಡಿದರೂ ಯಂತ್ರ ನಿಲ್ಲುತ್ತದೆ. ಸ್ಪಿಂಡಲ್‌ಗೆ ಒಳಗೆ ಲೋಹದ ಕವಚವಿರುವ (ಶೀಲ್ಡೆಡ್) ಕೇಬಲ್ ಹಾಕಿ, ವಿ.ಎಫ್.ಡಿ.ಗೆ ಸರಿಯಾದ ಅರ್ಥಿಂಗ್ ಕೊಡಿ. ಎಮರ್ಜೆನ್ಸಿ ಸ್ವಿಚ್ ಊನೋಗೆ ಸುದ್ದಿ ಮುಟ್ಟಿಸಿದರೆ ಸಾಲದು, ಡ್ರೈವರ್‌ಗಳ ಮತ್ತು ಸ್ಪಿಂಡಲ್‌ನ ವಿದ್ಯುತ್ತನ್ನೇ ಕಡಿಯಬೇಕು.

ನಮ್ಮ ಕಡೆ ಕೆಲಸದ ನಡುವೆ ಕರೆಂಟ್ ಹೋಗುವುದು ಇದ್ದದ್ದೇ. ಕರೆಂಟ್ ಹೋದರೆ ಗರ್ಬಲ್‌ಗೆ ತಾನೆಲ್ಲಿದ್ದೆ ಎಂಬುದು ತಿಳಿಯದು. ಆದರೆ ಕೆಲಸಕ್ಕೆಂದು ನೀವು ಗುರುತಿಸಿದ ಜಿ54 ಶೂನ್ಯಬಿಂದು ಅದರ ನೆನಪಿನಲ್ಲಿ ಉಳಿದಿರುತ್ತದೆ. ಸ್ವಿಚ್‌ಗಳು ನಂಬಿಗಸ್ತವಾಗಿದ್ದರೆ ಮತ್ತೆ ಹೋಮಿಂಗ್ ಮಾಡಿ (ಅಕ್ಷಗಳನ್ನು ಲಿಮಿಟ್ ಸ್ವಿಚ್‌ಗಳಿಗೆ ಮುಟ್ಟಿಸಿ) ಅರ್ಧ ಕೆತ್ತಿದ ಬಾಗಿಲನ್ನು ಮುಂದುವರಿಸಬಹುದು.

ಚಿಂತಾಮಣಿ ಲಿನಕ್ಸ್

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಪ್ಯಾರಲಲ್ ಪೋರ್ಟ್ ಇರುವ ಹಳೆಯ ಡೆಸ್ಕ್‌ಟಾಪ್ ಸಿಕ್ಕರೆ ಯಂತ್ರ ನಡೆಸುವ ಲಿನಕ್ಸ್‌ಸಿಎನ್‌ಸಿ ತಂತ್ರಾಂಶ ಹಾಕಿ ನೋಡಬಹುದು: ಒಂದೇ ಪೋರ್ಟ್‌ನಲ್ಲಿ 12 ಔಟ್‌ಪುಟ್, 5 ಇನ್‌ಪುಟ್ ಸಿಗುತ್ತವೆ. ಕೊಳ್ಳುವ ಮುನ್ನ ಆ ಕಂಪ್ಯೂಟರಿನಲ್ಲಿ ಅದರ ತಡವನ್ನು ಅಳೆಯುವ ಲೇಟೆನ್ಸಿ ಟೆಸ್ಟ್ ಓಡಿಸಿ. 20 ಮೈಕ್ರೋಸೆಕೆಂಡ್ ಒಳಗೆ ಬಂದರೆ ಒಳ್ಳೆಯ ಯಂತ್ರ. ಪಲ್ಸ್‌ಗಳನ್ನು ತಾನೇ ಹುಟ್ಟಿಸುವ ಮೆಸಾ ಈಥರ್ನೆಟ್ ಕಾರ್ಡ್ ಇವೆಲ್ಲಕ್ಕಿಂತ ಮೇಲು, ಆದರೆ ಅದು ನಿಮ್ಮ 5,000 ರೂಪಾಯಿಗೆ ಬರುವುದಿಲ್ಲ. ಯು.ಎಸ್.ಬಿ. ಕಾರ್ಡನ್ನು ಮಾತ್ರ ನಾನು ಬೇಡವೆನ್ನುತ್ತೇನೆ. ಅದು ತನ್ನ ಪ್ಲಗಿನ್‌ಗೆ ಕಟ್ಟುಬಿದ್ದಿರುತ್ತದೆ, ಆ ಪ್ಲಗಿನ್ ಕೈಕೊಟ್ಟ ದಿನ ಕಾರ್ಡೂ ಮೂಲೆ ಸೇರುತ್ತದೆ.

ಮಾಲೂರು ಮರಗೆಲಸ

ಎಲ್ಲರಿಗೂ ವಂದನೆಗಳು. ಊನೋ, ಶೀಲ್ಡ್ ಮತ್ತು ನಾಲ್ಕು ಆಪ್ಟೋಕಪ್ಲರ್ ತಂದು ಜೋಡಿಸಿದ್ದೇನೆ. ಎಕ್ಸ್ ಮತ್ತು ವೈ ಅಕ್ಷಗಳು ಸ್ಪಿಂಡಲ್ ಓಡುತ್ತಿರುವಾಗಲೂ ಸರಿಯಾಗಿ ನಡೆಯುತ್ತಿವೆ. ಆದರೆ ಝಡ್ ಲಿಮಿಟ್ ಸ್ವಿಚ್ಚನ್ನು ಒತ್ತಿದರೂ ಗರ್ಬಲ್‌ಗೆ ತಿಳಿಯುತ್ತಿಲ್ಲ. ಮೂರೂ ತಂತಿಗಳನ್ನು ಅದಲುಬದಲು ಮಾಡಿ ನೋಡಿದೆ, ಸ್ವಿಚ್‌ಗಳಲ್ಲಿ ದೋಷವಿಲ್ಲ.

ತುಮಕೂರು ಫಿಟ್ಟರ್

ದೋಷ ಶೀಲ್ಡ್‌ನ ಮೇಲೆ ಅಚ್ಚಾಗಿರುವ ಹೆಸರಿನಲ್ಲಿದೆ. ಆ ಶೀಲ್ಡ್ ಗರ್ಬಲ್‌ನ ಹಳೆಯ ಆವೃತ್ತಿಗೆಂದು ಮಾಡಿದ್ದು, 0.9ರಿಂದೀಚೆಗೆ ಸ್ಪಿಂಡಲ್ ವೇಗದ ಪಿ.ಡಬ್ಲ್ಯು.ಎಂ. ಸಂಕೇತಕ್ಕಾಗಿ 11ನೆಯ ಪಿನ್ನನ್ನು ಬಿಟ್ಟುಕೊಟ್ಟು ಝಡ್ ಲಿಮಿಟ್ಟನ್ನು 12ಕ್ಕೆ ಸರಿಸಿದರು. ನಿಮ್ಮ ಝಡ್ ತಂತಿಯನ್ನು ‘ಸ್ಪಿಂಡಲ್ ಎನೇಬಲ್’ ಎಂದು ಬರೆದಿರುವ ಪಿನ್ನಿಗೆ ಹಾಕಿ, ವಿ.ಎಫ್.ಡಿ.ಗೆ ಹೋಗುವ ವೇಗದ ಸಂಕೇತವನ್ನು ‘ಝಡ್’ ಎಂದಿರುವಲ್ಲಿಂದ ತೆಗೆದುಕೊಳ್ಳಿ. ತಂತಿ ಬದಲಿಸುವಾಗ ಯು.ಎಸ್.ಬಿ. ಕೇಬಲ್ಲನ್ನೂ ಕಳಚಿರಿ.