ನಗರದ ನಡುವೆ ಫರ್ನಿಶ್ಡ್ ಮನೆ: ಬುಕ್ ಮಾಡುವ ಮುಂಚೆ ಏನೇನು ಕೇಳಬೇಕು?

ಪ್ರಶ್ನೆ: ಕೆಲಸದ ಮೇಲೆ ಸುಮಾರು ಎರಡು ತಿಂಗಳು ಹೊರದೇಶದ ದೊಡ್ಡ ನಗರವೊಂದರಲ್ಲಿ ಇರಬೇಕಾಗಿದೆ. ಜೊತೆಗೆ ಹೆಂಡತಿ, ಚಿಕ್ಕ ಮಗು. ಅಷ್ಟು ದಿನ ಹೋಟೆಲ್ ಬೇಡ ಅನ್ನಿಸಿ ಡೌನ್‌ಟೌನ್‌ನಲ್ಲೇ ಫರ್ನಿಶ್ಡ್ ಅಪಾರ್ಟ್‌ಮೆಂಟ್ ನೋಡುತ್ತಿದ್ದೇವೆ. ಫೋಟೋಗಳೆಲ್ಲ ಒಂದಕ್ಕಿಂತ ಒಂದು ಚೆನ್ನಾಗಿವೆ, ಅದೇ ಭಯ. ಹೀಗೆ ಇದ್ದು ಬಂದವರು ನಿಮ್ಮ ಅನುಭವ ಹೇಳುತ್ತೀರಾ?

ಕೆಲಸಕ್ಕಾಗಿ ಊರೂರು ಸುತ್ತುವವರು:

ನಾನು ಮೊದಲು ಕೇಳುವುದು ಮಲಗುವ ಕೋಣೆಯ ಕಿಟಕಿ ಯಾವ ಕಡೆಗಿದೆ ಅಂತ. ರಸ್ತೆ ಕಡೆಗೋ, ಹಿಂದಿನ ಅಂಗಳದ ಕಡೆಗೋ? ಒಂದೇ ಕಟ್ಟಡ, ಒಂದೇ ಬಾಡಿಗೆ. ಆದರೆ ಒಂದು ಕಡೆ ನಿದ್ದೆ ಬರುತ್ತದೆ, ಇನ್ನೊಂದು ಕಡೆ ಬರುವುದಿಲ್ಲ. ಕೆಳಗಡೆ ಬಾರ್ ಇದ್ದರೆ ಅದು ಬಾಗಿಲು ಹಾಕಿದ ಮೇಲೇ ಗಲಾಟೆ ಜಾಸ್ತಿ. ಜನ ಮನೆಗೆ ಹೋಗುವುದಿಲ್ಲ, ಫುಟ್‌ಪಾತ್‌ನಲ್ಲಿ ನಿಂತು ಮಾತಾಡುತ್ತಾರೆ. ಅದು ಮುಗಿಯಿತು ಅನ್ನುವಷ್ಟರಲ್ಲಿ ಕಸದ ಲಾರಿ ಬರುತ್ತದೆ.

ಗೂಗಲ್ ಸ್ಟ್ರೀಟ್ ವ್ಯೂನಲ್ಲಿ ಆ ಬೀದಿಯಲ್ಲಿ ಒಂದು ಸುತ್ತು ಹಾಕಿ. ಕೆಳಗಿನ ಅಂಗಡಿಗಳು ಯಾವುವು ನೋಡಿ. ಪಕ್ಕದಲ್ಲಿ ಖಾಲಿ ಜಾಗ ಕಂಡರೆ ಆ ಚಿತ್ರ ಯಾವಾಗ ತೆಗೆದದ್ದು ಅಂತಲೂ ನೋಡಿ, ತಿಂಗಳು, ವರ್ಷ ಅಲ್ಲೇ ಇರುತ್ತದೆ. ಹಳೆಯದಾದರೆ ಈಗ ಅಲ್ಲಿ ಕಟ್ಟಡ ಏಳುತ್ತಿರಬಹುದು. ಮಾಲೀಕರಿಗೆ ನೇರವಾಗಿ ಬರೆದು ಕೇಳಿ, "ನಾವಿರುವಾಗ ಅಕ್ಕಪಕ್ಕ ಕಟ್ಟುವ ಕೆಲಸ ಏನಾದರೂ ಇದೆಯಾ?" ಫೋನ್‌ನಲ್ಲಿ ಬೇಡ, ಉತ್ತರ ಬರಹದಲ್ಲೇ ಇರಲಿ. ನಾಳೆ ದುಡ್ಡು ವಾಪಸ್ ಕೇಳಬೇಕಾಗಿ ಬಂದರೆ ನಿಮ್ಮ ಕೈಯಲ್ಲಿ ಇರುವುದು ಅದೊಂದೇ.

ರಿವ್ಯೂ ಓದುವಾಗ ಸ್ಟಾರ್ ಎಣಿಸಬೇಡಿ. ಎರಡು ರಾತ್ರಿ ಇದ್ದು ಹೋದವರು "ಎಲ್ಲವೂ ನಡೆಯುವಷ್ಟು ಹತ್ತಿರ" ಅಂತ ಐದಕ್ಕೆ ಐದು ಕೊಟ್ಟಿರುತ್ತಾರೆ. ನಿಮಗೆ ಬೇಕಾದದ್ದು ವಾರಗಟ್ಟಲೆ ಇದ್ದವರ ಮಾತು. ವಾಷಿಂಗ್ ಮಷೀನ್ ಮನೆಯೊಳಗೇ ಇದೆಯಾ, ಬಿಸಿನೀರಿನ ಟ್ಯಾಂಕ್ ಒಬ್ಬರ ಸ್ನಾನಕ್ಕೇ ಖಾಲಿಯಾಗುತ್ತದಾ, ಏನಾದರೂ ಕೆಟ್ಟರೆ ರಿಪೇರಿಗೆ ಎಷ್ಟು ದಿನಕ್ಕೆ ಬಂದರು, ಇವೆಲ್ಲ ಗೊತ್ತಾಗುವುದು ಅಂಥವರಿಗೇ.

ಮಗುವಿನ ಜೊತೆ ಹೋಗಿ ಬಂದವರು:

ಮಹಡಿ ಎಷ್ಟನೆಯದು, ಲಿಫ್ಟ್ ಇದೆಯಾ ಕೇಳಿ. ಯುರೋಪಿನ ಬಹಳಷ್ಟು ದೇಶಗಳಲ್ಲಿ ಒಂದನೇ ಮಹಡಿ ಅಂದರೆ ನೆಲಮಹಡಿಯ ಮೇಲಿನದು, ಅಮೆರಿಕದಲ್ಲಿ ಒಂದನೇ ಮಹಡಿ ಅಂದರೆ ಸಾಮಾನ್ಯವಾಗಿ ನೆಲಮಹಡಿಯೇ. ಪೇಟೆಯ ಹಳೇ ಕಟ್ಟಡಗಳಲ್ಲಿ ಲಿಫ್ಟ್ ಇದ್ದರೂ ಮಗುವಿನ ಗಾಡಿ ಹಿಡಿಸದಷ್ಟು ಚಿಕ್ಕದಿರುತ್ತದೆ.

"ನಾಲ್ಕು ಜನ ಮಲಗಬಹುದು" ಅಂದರೆ ಇಬ್ಬರಿಗೆ ಮಂಚ, ಇನ್ನಿಬ್ಬರಿಗೆ ಹಾಲ್‌ನ ಸೋಫಾ ಅಂತಲೇ ಓದಿಕೊಳ್ಳಿ. ಸ್ಟುಡಿಯೋ, ಅಂದರೆ ಎಲ್ಲ ಒಂದೇ ಕೋಣೆಯಲ್ಲಿರುವ ಮನೆ, ಅಂತೂ ಬೇಡವೇ ಬೇಡ. ಮಗು ಮಲಗಿದ ಮೇಲೆ ನೀವಿಬ್ಬರೂ ಕತ್ತಲಲ್ಲಿ ಪಿಸುಗುಟ್ಟಿಕೊಂಡು ಕೂರಬೇಕಾಗುತ್ತದೆ. ಬಾಗಿಲು ಹಾಕಿಕೊಳ್ಳಬಹುದಾದ ಒಂದು ಬೆಡ್‌ರೂಮ್ ಸಿಗುವುದಾದರೆ ಬಾಲ್ಕನಿ, ನೋಟ ಎಲ್ಲ ಬಿಟ್ಟುಬಿಡಿ.

ಅಡುಗೆಮನೆಯ ಕಪಾಟು ತೆರೆದು ಒಂದು ಫೋಟೋ ಕಳಿಸಿ ಅಂತ ಕೇಳಿ. ಕಿಚನ್ ಇದೆ ಅಂತ ಹಾಕಿದ ಕಡೆ ಒಂದು ಮೈಕ್ರೋವೇವ್, ಎರಡು ಲೋಟ ಮಾತ್ರ ಇರುವುದೂ ಉಂಟು. ಹೊರಗೆ ತಿನ್ನುವ ಖರ್ಚು ಉಳಿಸಲು ತಾನೇ ಮನೆ ಹುಡುಕುತ್ತಿರುವುದು?

ಕಾಂಟ್ರ್ಯಾಕ್ಟ್ ಓದುವ ಚಟ ಇರುವವರು:

ಯಾವ ನಗರ ಅಂತ ನೀವು ಹೇಳಿಲ್ಲ. ಅದು ಹೇಳದೆ ಸಲಹೆ ಕೊಡುವುದು ಕಷ್ಟ, ಯಾಕೆಂದರೆ ಎಷ್ಟು ದಿನಕ್ಕೆ ಮನೆ ಕೊಡಬಹುದು ಅನ್ನುವ ಕಾನೂನು ಊರಿಗೊಂದು ಥರ ಇದೆ. ಸಿಂಗಪುರದಲ್ಲಿ ಖಾಸಗಿ ಫ್ಲ್ಯಾಟನ್ನು 3 ತಿಂಗಳಿಗಿಂತ ಕಡಿಮೆ ಅವಧಿಗೆ ಬಾಡಿಗೆಗೆ ಕೊಡುವ ಹಾಗೇ ಇಲ್ಲ. ಹಾಗಾಗಿ ಅಲ್ಲಿ ನಿಮ್ಮ ಎರಡು ತಿಂಗಳಿಗೆ ಲೈಸೆನ್ಸ್ ಇರುವ, ಹೋಟೆಲಿನ ಥರ ನಡೆಸುವ ಸರ್ವಿಸ್ಡ್ ಅಪಾರ್ಟ್‌ಮೆಂಟೇ ಗತಿ. ನ್ಯೂಯಾರ್ಕ್ ನಗರದಲ್ಲಿ 30 ದಿನಕ್ಕಿಂತ ಕಡಿಮೆ ಇರುವುದಾದರೆ ಮಾಲೀಕರು ನಗರದಲ್ಲಿ ನೋಂದಾಯಿಸಿರಬೇಕು, ಅದೇ ಮನೆಯಲ್ಲಿ ಜೊತೆಗಿರಬೇಕು, ಅತಿಥಿಗಳು ಇಬ್ಬರೇ. 2023ರ ಸೆಪ್ಟೆಂಬರ್‌ನಿಂದ ಇದು ಬಿಗಿಯಾಗಿದೆ. ಎರಡು ತಿಂಗಳಿನವರಿಗೆ ಅದು ತಾಗುವುದಿಲ್ಲ. ಆದರೆ "ಮೊದಲು 20 ದಿನ ಮಾಡಿ, ಆಮೇಲೆ ನೋಡೋಣ" ಅಂತ ಯಾರಾದರೂ ಅಂದರೆ ಅಲ್ಲೇ ಬಿಟ್ಟುಬಿಡಿ.

ಪ್ಯಾರಿಸ್ ಆದರೆ ನಿಮಗೆ ಅನುಕೂಲ. ತರಬೇತಿಗೋ ತಾತ್ಕಾಲಿಕ ಕೆಲಸಕ್ಕೋ ಬಂದವರಿಗೆಂದೇ 2018ರಿಂದ ಬೈಲ್ ಮೊಬಿಲಿಟೆ ಅನ್ನುವ ಕರಾರು ಇದೆ. ಫರ್ನಿಶ್ಡ್ ಮನೆಗೆ ಮಾತ್ರ, 1ರಿಂದ 10 ತಿಂಗಳವರೆಗೆ. ಅದರಲ್ಲಿ ಡೆಪಾಸಿಟ್ ಕೇಳುವುದೇ ಕಾನೂನಿಗೆ ವಿರುದ್ಧ. ಜರ್ಮನಿಗೆ 3 ತಿಂಗಳಿಗಿಂತ ಹೆಚ್ಚು ಇರಲು ಹೋಗುವವರು ಮನೆ ಸೇರಿದ 2 ವಾರದೊಳಗೆ ವಿಳಾಸ ನೋಂದಾಯಿಸಬೇಕು. ಅದಕ್ಕೆ "ಇವರು ಈ ಮನೆಗೆ ಬಂದಿದ್ದಾರೆ" ಅನ್ನುವ ಮಾಲೀಕರ ಪತ್ರ ಬೇಕು. ನಿಮ್ಮ ಕೆಲಸ ಮುಂದುವರಿಯುವ ಸಾಧ್ಯತೆ ಇದ್ದರೆ "ಆ ಪತ್ರ ಕೊಡುತ್ತೀರಾ?" ಅಂತ ಮೊದಲೇ ಕೇಳಿ. ಕೊಡಲ್ಲ ಅಂದರೆ ಆ ಮನೆಯ ವ್ಯವಹಾರ ಸರಿಯಿಲ್ಲ ಅಂತಲೇ ನನ್ನ ಲೆಕ್ಕ.

ಇನ್ನೊಂದು, ಇದನ್ನು ಜನ ಓದುವುದೇ ಇಲ್ಲ. ಏರ್‌ಬಿಎನ್‌ಬಿ ಅನ್ನುವ ಮನೆ ಬುಕ್ ಮಾಡುವ ವೆಬ್‌ಸೈಟಿನಲ್ಲಿ 28 ರಾತ್ರಿ ಅಥವಾ ಅದಕ್ಕಿಂತ ಹೆಚ್ಚಿನ ಬುಕಿಂಗ್‌ಗೆ ರದ್ದು ಮಾಡುವ ನಿಯಮ ಬೇರೆ. ನಾಲ್ಕು ದಿನದ ಬುಕಿಂಗ್ ಥರ ಕೊನೇ ಗಳಿಗೆಯಲ್ಲಿ ಬೇಡ ಅಂದರೆ ದೊಡ್ಡ ಮೊತ್ತ ಹೋಗುತ್ತದೆ. ನಿಮ್ಮ ಕಂಪನಿ ತಾರೀಖು ಬದಲಿಸುವ ಜಾತಿಯದಾದರೆ ಸರ್ವಿಸ್ಡ್ ಅಪಾರ್ಟ್‌ಮೆಂಟ್ ಸ್ವಲ್ಪ ದುಬಾರಿಯಾದರೂ ವಾಸಿ.

ಸುಮ್ನೆ ಒಂದು ತಕರಾರು:

ಡೌನ್‌ಟೌನೇ ಯಾಕೆ? ಬರೀ ಆಫೀಸುಗಳೇ ತುಂಬಿರುವ ಪೇಟೆಯಾದರೆ ಶನಿವಾರ, ಭಾನುವಾರ ಅರ್ಧ ಅಂಗಡಿ ಮುಚ್ಚಿರುತ್ತವೆ. ಮಗುವಿಗೆ ಆಡಲು ಪಾರ್ಕೂ ಇರುವುದಿಲ್ಲ. ಮೆಟ್ರೋದಲ್ಲಿ ಎರಡು ಮೂರು ಸ್ಟೇಷನ್ ಆಚೆ ನೋಡಿ. ಅದೇ ದುಡ್ಡಿಗೆ ಒಂದು ಕೋಣೆ ಜಾಸ್ತಿ ಸಿಗುತ್ತದೆ.

ಬ್ಯಾಂಕಿನಲ್ಲಿ ಕೆಲಸ ಮಾಡುವವರು:

ಮೋಸದ ಬಗ್ಗೆ ಯಾರೂ ಹೇಳಲಿಲ್ಲ. ಬೇರೆ ಯಾರದೋ ಮನೆಯ ಫೋಟೋ ಕದ್ದು ಹಾಕುವುದು ಹಳೇ ವರಸೆ. ಆ ಫೋಟೋಗಳನ್ನು ಗೂಗಲ್ ಲೆನ್ಸ್‌ಗೆ ಹಾಕಿ ಹುಡುಕಿ. ಅದೇ ಸೋಫಾ ಇನ್ನೊಂದು ಊರಿನ ಜಾಹೀರಾತಿನಲ್ಲಿ ಕಂಡರೆ ಕಥೆ ಮುಗಿಯಿತು. ವಿಡಿಯೋ ಕಾಲ್‌ನಲ್ಲಿ ಮನೆ ತೋರಿಸಿ ಅನ್ನಿ. ನಲ್ಲಿ ತಿರುಗಿಸಿ, ಕಿಟಕಿ ತೆರೆಯಿರಿ, ಹೊರಗಡೆ ತೋರಿಸಿ ಅಂತ ಅಲ್ಲೇ ಹೇಳಿ. ರೆಕಾರ್ಡ್ ಮಾಡಿದ್ದನ್ನು ಓಡಿಸುತ್ತಿದ್ದರೆ ಆಗ ಗೊತ್ತಾಗುತ್ತದೆ.

"ವೆಬ್‌ಸೈಟ್ ಬಿಟ್ಟು ನೇರ ನನ್ನ ಖಾತೆಗೆ ಹಾಕಿ, ಕಮಿಷನ್ ಉಳಿಯುತ್ತದೆ" ಅಂದರೆ ಎದ್ದು ಬನ್ನಿ. ವೈರ್ ಟ್ರಾನ್ಸ್‌ಫರ್ ಮಾಡಿದ ದುಡ್ಡು ವಾಪಸ್ ಬರುವುದು ಬಹಳ ಅಪರೂಪ. ಕ್ರೆಡಿಟ್ ಕಾರ್ಡ್ ಆದರೆ ಚಾರ್ಜ್‌ಬ್ಯಾಕ್, ಅಂದರೆ ಬ್ಯಾಂಕಿನ ಮೂಲಕ ದುಡ್ಡು ವಾಪಸ್ ಕೇಳುವ ದಾರಿಯಾದರೂ ಇರುತ್ತದೆ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ಊರು ಪ್ಯಾರಿಸ್ ಅಲ್ಲ, ಬರ್ಲಿನ್! ಎರಡು ತಿಂಗಳು ಅಂದಿದ್ದಾರೆ, ನಾಲ್ಕಾದರೂ ಆಗಬಹುದು. ಆ ಪತ್ರದ ವಿಷಯ ಈಗಲೇ ಬರೆದು ಕೇಳುತ್ತೇನೆ. ಡೆಪಾಸಿಟ್ ಕೇಳಿದ್ದಾರೆ. ಅದು ವಾಪಸ್ ಬರುವ ಹಾಗೆ ಏನು ಮಾಡಬೇಕು?

ಮೊದಲು ಉತ್ತರಿಸಿದವರು:

ಬ್ಯಾಗ್ ಬಿಚ್ಚುವ ಮೊದಲೇ ಇಡೀ ಮನೆಯ ವಿಡಿಯೋ ಮಾಡಿ. ಗೋಡೆಯ ಗೀರು, ಟೇಬಲ್ ಮೇಲಿನ ಕಲೆ, ಹಾಸಿಗೆ, ಫ್ರಿಜ್ಜಿನೊಳಗೆ, ಕರೆಂಟ್ ಮೀಟರ್, ಎಲ್ಲ. ಅವತ್ತೇ ಮಾಲೀಕರಿಗೆ ಕಳಿಸಿ. ನಿಮ್ಮ ಮೊಬೈಲ್‌ನಲ್ಲಿ ಇದ್ದರೆ ಸಾಲದು, ಅವರಿಗೆ ಸಿಕ್ಕಿದೆ ಅನ್ನುವುದಕ್ಕೆ ತಾರೀಖು ಬೇಕು. ಸಾಮಾನಿನ ಪಟ್ಟಿ ಕೊಟ್ಟರೆ ಸುಮ್ನೆ ಸಹಿ ಹಾಕಬೇಡಿ. ಚಮಚ ಆರು ಅಂತ ಬರೆದಿದ್ದರೆ ಎಣಿಸಿಯೇ ಹಾಕಿ. ನಗಬೇಡಿ, ಚಮಚಕ್ಕೂ ಹಿಡಿದುಕೊಂಡವರನ್ನು ನೋಡಿದ್ದೇನೆ.

ಬಾಡಿಗೆಯಲ್ಲಿ ಹೀಟಿಂಗ್, ಕರೆಂಟ್, ಇಂಟರ್‌ನೆಟ್ ಸೇರಿದೆಯಾ, ಸೇರಿದ್ದರೆ ಎಷ್ಟರವರೆಗೆ ಅಂತ ಕೇಳಿ. ಕೊನೆಯ ಕ್ಲೀನಿಂಗ್ ಚಾರ್ಜ್ ಬೇರೆಯಾ ಅಂತಲೂ ಕೇಳಿ. ಡೆಪಾಸಿಟ್ ಎಷ್ಟು ದಿನದಲ್ಲಿ ಕೊಡುತ್ತಾರೆ ಅನ್ನುವುದು ಕಾಂಟ್ರ್ಯಾಕ್ಟಿನಲ್ಲಿ ಇಲ್ಲದಿದ್ದರೆ ಒಂದು ಸಾಲು ಸೇರಿಸಲು ಹೇಳಿ, ಸಹಿ ಆಮೇಲೆ. ಹೊರಡುವ ದಿನ ಮತ್ತೆ ಅದೇ ವಿಡಿಯೋ, ಮೀಟರ್ ಸಮೇತ. ಸಾಧ್ಯವಾದರೆ ಮಾಲೀಕರು ಎದುರಿಗೇ ಇರಲಿ.