ನಮ್ಮ ಸಾಫ್ಟ್‌ವೇರ್ ನಕಲು ಮಾಡಿ ಮಾರುತ್ತಿದ್ದಾರೆ, ತಡೆಯಾಜ್ಞೆಗೆ ಏನೇನು ಬೇಕು?

ಪ್ರಶ್ನೆ, ಶಿರಸಿಯಿಂದ: ಅಡಿಕೆ ಸೊಸೈಟಿಗಳಿಗೆಂದು ನಾವು ಮಾಡಿದ ಟೆಂಡರ್-ಬಿಲ್ಲಿಂಗ್ ಸಾಫ್ಟ್‌ವೇರನ್ನೇ ಕೆಲಸ ಬಿಟ್ಟುಹೋದ ಹುಡುಗ ಹೆಸರು ಬದಲಿಸಿ ಮಾರುತ್ತಿದ್ದಾನೆ. ನೋಟಿಸ್ ಕಳಿಸಲೇ, ನೇರ ಕೋರ್ಟಿಗೆ ಹೋಗಲೇ?

ವಕೀಲರು, ಕಾರವಾರ: ನೋಟಿಸ್ ಕಳಿಸಿದ ಕೂಡಲೇ ಆತ ಕೇವಿಯಟ್ (ತನ್ನ ಮಾತು ಕೇಳದೆ ಆಜ್ಞೆ ಕೊಡಬೇಡಿ ಎಂದು ಕೋರ್ಟಿಗೆ ಮೊದಲೇ ಕೊಡುವ ಅರ್ಜಿ) ಹಾಕುತ್ತಾನೆ. ಅದು 90 ದಿನ ಜೀವಂತ. ಅಷ್ಟು ದಿನ ಅವನಿಗೆ ತಿಳಿಸದೆ ಆಜ್ಞೆ ಸಿಗುವುದಿಲ್ಲ. ಮೊದಲು ಕಾಗದ ನೋಡಿಕೊಳ್ಳಿ. ಆತ ಸಂಬಳದ ನೌಕರನಾಗಿದ್ದು ಬೇರೆ ಕರಾರು ಇಲ್ಲದಿದ್ದರೆ 1957ರ ಕೃತಿಸ್ವಾಮ್ಯ ಕಾಯ್ದೆಯ ಕಲಂ 17ರಂತೆ ಕೋಡ್ ನಿಮ್ಮದು. ಗುತ್ತಿಗೆಗೆ ಬರೆದುಕೊಟ್ಟಿದ್ದರೆ, ಸಹಿಯಾದ ಹಸ್ತಾಂತರ ಪತ್ರವಿಲ್ಲದೆ ಮೊದಲ ಮೆಟ್ಟಿಲಲ್ಲೇ ಸೋಲು. ನೋಂದಣಿ ಕಡ್ಡಾಯವಲ್ಲ, ಇದ್ದರೆ ಬಲ. ದಾವೆ ಜಿಲ್ಲಾ ನ್ಯಾಯಾಲಯದಲ್ಲೇ ಹೂಡಬೇಕು. ಕಲಂ 62ರಂತೆ, ಆತ ಹುಬ್ಬಳ್ಳಿಯಲ್ಲಿದ್ದರೂ ನಿಮ್ಮ ವ್ಯವಹಾರವಿರುವ ಜಿಲ್ಲೆಯಲ್ಲಿ ಹೂಡಬಹುದು. ಮೌಲ್ಯ 3 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದಿದ್ದರೆ ಅದು ವಾಣಿಜ್ಯ ದಾವೆ, ಮೊದಲು ಮಧ್ಯಸ್ಥಿಕೆಗೆ ಹೋಗಬೇಕು. ತುರ್ತು ಪರಿಹಾರ ಕೇಳಿದರೆ ಮಾತ್ರ ವಿನಾಯಿತಿ. ಗೊತ್ತಾಗಿಯೂ ತಿಂಗಳುಗಟ್ಟಲೆ ಸುಮ್ಮನಿದ್ದವರ ತುರ್ತನ್ನು ನ್ಯಾಯಾಧೀಶರು ನಂಬುವುದು ಕಷ್ಟ.

ಎದುರಾಳಿ ಇಲ್ಲದಾಗ ಆಜ್ಞೆ ಸಿಕ್ಕಿತೆನ್ನಿ. ಅರ್ಜಿ, ಅಫಿಡವಿಟ್, ದಾವಾಪತ್ರ, ದಾಖಲೆಗಳ ಪ್ರತಿ ತಕ್ಷಣ ಅವನಿಗೆ ತಲುಪಿಸಿ ಇಲ್ಲವೇ ಅಂಚೆಗೆ ಹಾಕಿ, ಹಾಗೆ ಮಾಡಿದ್ದಕ್ಕೆ ಅಫಿಡವಿಟ್ ಅದೇ ದಿನ ಅಥವಾ ಮರುದಿನ ಸಲ್ಲಿಸಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 39, ನಿಯಮ 3ರ ಈ ಷರತ್ತು ತಪ್ಪಿಸಿಕೊಂಡು ಆಜ್ಞೆ ಕಳಕೊಳ್ಳುವವರಿದ್ದಾರೆ.

ಕೋಡ್ ತಪಾಸಣೆ ಮಾಡುವವರು, ಕುಮಟಾ: ಎರಡರಲ್ಲೂ ಪರದೆ ಒಂದೇ ಥರ ಇದೆ, ರಾಶಿ-ಚಾಲಿ (ಅಡಿಕೆಯ ಬಗೆಗಳ) ಲೆಕ್ಕ ಒಂದೇ ಎಂದರೆ ಸಾಲದು, ಲೆಕ್ಕದ ವಿಧಾನಕ್ಕೆ ಕೃತಿಸ್ವಾಮ್ಯ ಇಲ್ಲ, ಬರೆದ ಕೋಡಿಗಿದೆ. ನಿಮ್ಮದೇ ಕಾಗುಣಿತದ ತಪ್ಪುಗಳು, ಯಾರೂ ಬಳಸದೆ ಉಳಿದ ಫಂಕ್ಷನ್, ಟೇಬಲ್‌ಗಳ ವಿಚಿತ್ರ ಹೆಸರು ಅತ್ತ ಕಡೆಯೂ ಸಿಕ್ಕಿದರೆ ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಓಪನ್ ಸೋರ್ಸ್ ಭಾಗಗಳನ್ನು ಮೊದಲೇ ತೆಗೆದು ಹೋಲಿಸಿ, ಇಲ್ಲವಾದರೆ ಅವರ ವಕೀಲರು ಅದನ್ನೇ ಹಿಡಿದು ಇಡೀ ವರದಿ ಕೆಡವುತ್ತಾರೆ. ಡಿಸ್ಕಿನ ಪ್ರತಿಗೆ ಹ್ಯಾಶ್ ಮೌಲ್ಯ (ಒಳಗೆ ಒಂದಕ್ಷರ ಬದಲಾದರೂ ತಾನೂ ಬದಲಾಗುವ ಗುರುತು) ಬರೆದಿಡಿ. ಎಲೆಕ್ಟ್ರಾನಿಕ್ ದಾಖಲೆಗೆ 2023ರ ಸಾಕ್ಷ್ಯ ಅಧಿನಿಯಮದ ಕಲಂ 63 ಕೇಳುವ ಪ್ರಮಾಣಪತ್ರಕ್ಕೆ ಅದು ಬೇಕು. ನಿಮ್ಮ ಮೂಲ ಕೋಡನ್ನು ಮೊಹರು ಮಾಡಿದ ಲಕೋಟೆಯಲ್ಲೇ ಕೊಡಿ.

ಸೊಸೈಟಿ ಲೆಕ್ಕಪತ್ರ ನೋಡುವವರು, ಸಿದ್ದಾಪುರ: ಕೋರಿಕೆ ಚಿಕ್ಕದಿರಲಿ. ಅವನ ಸಾಫ್ಟ್‌ವೇರ್ ಬಳಕೆಯನ್ನೇ ನಿಲ್ಲಿಸಿ, ಸುಗ್ಗಿಯ ಹೊತ್ತಿಗೆ ಟೆಂಡರ್ ನಿಂತರೆ ಪೆಟ್ಟು ಬೀಳುವುದು ರೈತರಿಗೆ, ಅನುಕೂಲದ ತಕ್ಕಡಿ (ಆಜ್ಞೆಯಿಂದ ಯಾರಿಗೆ ಹೆಚ್ಚು ತೊಂದರೆ ಎಂದು ಕೋರ್ಟ್ ತೂಗುವುದು) ಅವನ ಕಡೆ ವಾಲುತ್ತದೆ. ‘ಹೊಸ ಪ್ರತಿ ಮಾರಬಾರದು, ಈವರೆಗಿನ ಮಾರಾಟದ ಲೆಕ್ಕ ಕೊಡಬೇಕು’ ಎಂದಷ್ಟೇ ಕೇಳಿ.

ಶಿರಸಿ: ಅವನದ್ದು ಕ್ಲೌಡಿನಲ್ಲಿದೆ. ಸ್ಥಳಕ್ಕೆ ಹೋಗಿ ಪರಿಶೀಲಿಸಲು ಕೋರ್ಟ್ ನೇಮಿಸುವ ಕಮಿಷನರ್ ಎಲ್ಲಿಗೆ ಹೋಗಬೇಕು?

ಕುಮಟಾ: ಅವನ ಲ್ಯಾಪ್‌ಟಾಪಿಗೆ. ಜೊತೆಗೆ ಸರ್ವರಿನಲ್ಲಿರುವುದನ್ನು ಅಳಿಸದೆ ಉಳಿಸಬೇಕೆಂಬ ಆದೇಶವನ್ನೂ ಅದೇ ಅರ್ಜಿಯಲ್ಲಿ ಕೇಳಿ.