ಎಣ್ಣೆ ಬಿಟ್ಟರೂ ಇಳಿಯದ ಎಲ್‌ಡಿಎಲ್: ಇದು ಅಪ್ಪನಿಂದ ಬಂದದ್ದೇ?

ಗಿರಣಿ ಗುಮಾಸ್ತ, ಗಂಗಾವತಿ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿನ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವನು. ವಯಸ್ಸು 39, ತೂಕ 58 ಕಿಲೋ. ಬೀಡಿ, ಸಿಗರೇಟು, ಕುಡಿತ ಯಾವುದೂ ಇಲ್ಲ. ಎರಡು ವರ್ಷದ ಹಿಂದೆ ಅಣ್ಣನಿಗೆ 45ಕ್ಕೇ ಸ್ಟೆಂಟ್ ಹಾಕಿದರು. ಹೆದರಿ ನಾನೂ ರಕ್ತ ಕೊಟ್ಟೆ. ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 238 ಬಂತು. ತೋರಿಸಿದ ಕಡೆ ವೈದ್ಯರು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಇಷ್ಟು ತೆಳ್ಳಗಿದ್ದೀರಿ, ಏನೂ ಆಗುವುದಿಲ್ಲ, ಎಣ್ಣೆ ಬಿಡಿ’ ಎಂದರು. ಬಿಟ್ಟೆ. ಗಂಗಾವತಿಯಲ್ಲಿದ್ದುಕೊಂಡು ಸಂಜೆಯ ಮಿರ್ಚಿ ಮಂಡಕ್ಕಿ ಬಿಡುವುದೆಂದರೆ ಏನೆಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಆರು ತಿಂಗಳು ಜೋಳದ ರೊಟ್ಟಿ, ಬೇಳೆ, ಸೊಪ್ಪು. ಮತ್ತೆ ನೋಡಿಸಿದರೆ 226. ಹನ್ನೆರಡು ಅಂಕಿಗೆ ಆರು ತಿಂಗಳ ಮಿರ್ಚಿ ಖರ್ಚಾಯಿತು.

ಅಪ್ಪ ದರ್ಜಿ. 46ಕ್ಕೆ ಹೊಲಿಗೆ ಯಂತ್ರದ ಮೇಲೆ ಒರಗಿದವರು ಏಳಲಿಲ್ಲ. ನನಗೆ ಆಗ 11. ದೊಡ್ಡಪ್ಪ 49ಕ್ಕೆ ಹೋದರು. ಅಪ್ಪನ ಬೆರಳ ಗೆಣ್ಣುಗಳ ಮೇಲೆ ಗಟ್ಟಿ ಗಂಟುಗಳಿದ್ದವು. ಕತ್ತರಿ ಹಿಡಿದು ಹಿಡಿದು ಬಂದದ್ದು ಎಂದು ಅಮ್ಮ ಇವತ್ತಿಗೂ ಹೇಳುತ್ತಾಳೆ. ಹೋದ ವಾರ ಸ್ನಾನ ಮಾಡುವಾಗ ನೋಡಿಕೊಂಡೆ: ನನ್ನ ಎರಡೂ ಹಿಮ್ಮಡಿಯ ಮೇಲಿನ ನರ ಹಗ್ಗದ ಹಾಗೆ ದಪ್ಪಗಾಗಿದೆ. ಬಲಗೈ ಬೆರಳಲ್ಲೂ ಒಂದು ಗಂಟು ಎದ್ದಿದೆ. ನಾನು ಕತ್ತರಿ ಹಿಡಿದವನಲ್ಲ, ಪೆನ್ನು ಹಿಡಿದವನು.

ಇನ್ನೊಂದು ಮಾತಿದೆ. ನನ್ನ ಹೆಂಡತಿ ನನ್ನ ಸ್ವಂತ ಅಕ್ಕನ ಮಗಳು. ನಮಗೆ ಮಗಳು 9 ವರ್ಷದವಳು, ಮಗ 6. ಸಾಲದ್ದಕ್ಕೆ ಅಕ್ಕನ ಎರಡನೆಯ ಮಗಳನ್ನು ಅಣ್ಣನ ಮಗನಿಗೆ ಕೊಡುವ ಮಾತುಕತೆ ಮುಗಿದಿದೆ, ಎಲೆ ಅಡಿಕೆ ಬದಲಾಯಿಸುವುದೊಂದೇ ಬಾಕಿ. ಈಗ ನಾನು ಬಾಯಿ ಬಿಟ್ಟರೆ ಮದುವೆಗೆ ಅಡ್ಡಗಾಲು ಹಾಕಿದವನು ಎನ್ನಿಸಿಕೊಳ್ಳುತ್ತೇನೆ. ನನ್ನ ದೇಹದೊಳಗೆ ನಿಜಕ್ಕೂ ಆಗುತ್ತಿರುವುದೇನು? ಮಕ್ಕಳಿಗೆ ಈಗಲೇ ನೋಡಿಸಬೇಕೆ?

ಹಳೇ ಸೈಕಲ್, ಸಿರುಗುಪ್ಪ

ಬೆಳಗ್ಗೆ ಎರಡು ಎಸಳು ಹಸಿ ಬೆಳ್ಳುಳ್ಳಿ ನುಂಗಿರಿ, ಸಾಕು. ನಮ್ಮ ಮಾವನಿಗೆ 82. ಅದನ್ನೇ ಮಾಡುತ್ತಾರೆ, ದಿನಾ ಮಿರ್ಚಿಯನ್ನೂ ತಿನ್ನುತ್ತಾರೆ, ಕಲ್ಲಿನ ಹಾಗಿದ್ದಾರೆ.

ನಿವೃತ್ತ ಮೇಷ್ಟ್ರು, ಸಿಂಧನೂರು

ಸಿರುಗುಪ್ಪದ ಮಾವನವರಿಗೆ ಹುಟ್ಟಿನಿಂದ ಒಳ್ಳೆಯ ರಿಸೆಪ್ಟರ್‌ಗಳು ಸಿಕ್ಕಿವೆ, ಹೆಸರು ಬೆಳ್ಳುಳ್ಳಿಗೆ ಬಂದಿದೆ.

ತಮ್ಮಾ, ವಯಸ್ಸಿನ ಸಲಿಗೆಯಿಂದ ಏಕವಚನದಲ್ಲಿ ಬರೆಯುತ್ತೇನೆ. ನೀನು ಗಿರಣಿಯವನು, ಅಲ್ಲಿಂದಲೇ ಹೇಳುತ್ತೇನೆ. ಯಕೃತ್ತು ಒಂದು ಗಿರಣಿ ಎಂದುಕೋ. ಕೊಲೆಸ್ಟ್ರಾಲ್ ಹೊತ್ತು ರಕ್ತದಲ್ಲಿ ಓಡಾಡುವ ಎಲ್‌ಡಿಎಲ್ ಕಣಗಳು ಭತ್ತದ ಲಾರಿಗಳು. ಯಕೃತ್ತಿನ ಜೀವಕೋಶದ ಮೈಮೇಲೆ ನಿಂತಿರುವ ಎಲ್‌ಡಿಎಲ್ ರಿಸೆಪ್ಟರ್ ಎಂಬ ಪ್ರೋಟೀನು ಹಮಾಲ. ಅವನು ಕಣವನ್ನು ಹಿಡಿದು ಒಳಗೆ ಒಯ್ದು ಇಳಿಸಿ, ಬರಿಗೈಯಲ್ಲಿ ಮತ್ತೆ ಬಾಗಿಲಿಗೆ ಬರುತ್ತಾನೆ. ಒಂದು ಸುತ್ತಿಗೆ ಹತ್ತು ನಿಮಿಷ. ಹೀಗೆ ನೂರಾರು ಸುತ್ತು. ಈ ಹಮಾಲನನ್ನು ತಯಾರಿಸುವ ಜೀನ್ 19ನೇ ಕ್ರೋಮೋಸೋಮಿನಲ್ಲಿದೆ, ಅಪ್ಪನ ಕಡೆಯದೊಂದು ಪ್ರತಿ, ಅಮ್ಮನ ಕಡೆಯದೊಂದು. ಒಂದು ಪ್ರತಿ ಕೆಟ್ಟಿದ್ದರೆ ಕೆಲಸಕ್ಕೆ ಬರುವ ಹಮಾಲರು ಅರ್ಧ. ಲಾರಿಗಳು ರಸ್ತೆಯಲ್ಲೇ ಸಾಲುಗಟ್ಟುತ್ತವೆ. ನೀನು ಮಿರ್ಚಿ ಬಿಟ್ಟು ನಾಲ್ಕು ಲಾರಿ ತಪ್ಪಿಸಿದೆ, ಅಷ್ಟೇ. ರಜೆ ಹಾಕಿದ ಹಮಾಲರು ಅದರಿಂದ ಬರುವುದಿಲ್ಲ.

ಇದನ್ನು ಕಂಡುಹಿಡಿದವರು ಅಮೆರಿಕದ ಡಲ್ಲಾಸ್‌ನ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್. 1970ರ ದಶಕದಲ್ಲಿ, ಎರಡೂ ಪ್ರತಿ ಕೆಟ್ಟಿದ್ದ ರೋಗಿಗಳ ಚರ್ಮದ ಕೋಶಗಳನ್ನು ಬೆಳೆಸಿ, ಅವು ಎಲ್‌ಡಿಎಲ್ ಅನ್ನು ಹಿಡಿಯಲಾರವು ಎಂದು ತೋರಿಸಿದರು. 1985ರಲ್ಲಿ ನೊಬೆಲ್ ಬಂತು.

ರಸ್ತೆಯಲ್ಲಿ ಉಳಿದ ಸರಕು ಏನಾಗುತ್ತದೆ? ಅಪಧಮನಿಯ ಒಳಪದರದ ಅಡಿಗೆ ನುಸುಳಿ ಅಲ್ಲೇ ಕೆಡುತ್ತದೆ. ಮ್ಯಾಕ್ರೊಫೇಜ್ ಎಂಬ ಕಾವಲು ಕೋಶಗಳು ಬಂದು ಕೆಟ್ಟದ್ದನ್ನು ನುಂಗುತ್ತವೆ. ಅವು ನುಂಗುವ ಬಾಗಿಲು ಬೇರೆ, ಅದಕ್ಕೆ ಹೊಟ್ಟೆ ತುಂಬಿತು ಎಂಬುದು ಗೊತ್ತಿಲ್ಲ. ನುಂಗಿ ನುಂಗಿ ಕೊಬ್ಬಿನ ನೊರೆಯಂತೆ ಉಬ್ಬಿ ಸಾಯುತ್ತವೆ. ಅದರ ಮೇಲೆ ನಾರಿನ ಒಂದು ಮುಚ್ಚಳ ಬೆಳೆಯುತ್ತದೆ. ಆ ಮುಚ್ಚಳ ತೆಳುವಾಗಿ ಹರಿದ ಗಳಿಗೆಯಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದದ್ದು ನೆನಪಿದೆಯಲ್ಲ? ಸರಪಳಿ ತುಂಡಾದದ್ದು ಒಂದು ರಾತ್ರಿ, ಸವೆದದ್ದು ಎಷ್ಟೋ ವರ್ಷ. (ಜೀನೂ 19, ಗೇಟೂ 19. ಯಾರೂ ಪಂಚಾಂಗ ತೆಗೆಯಬೇಡಿ.)

ರಕ್ತ ತೆಗೆಯುವವಳು, ಬಳ್ಳಾರಿ

ನಾನು ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಅಣ್ಣಾ, ಮಕ್ಕಳನ್ನು ರಾತ್ರಿಯಿಂದ ಉಪವಾಸ ಕೆಡವಬೇಡಿ. ಮೊದಲ ಸಲ ಎಲ್‌ಡಿಎಲ್ ನೋಡುವುದಕ್ಕೆ ಸಾಮಾನ್ಯವಾಗಿ ಅದು ಬೇಕಾಗುವುದಿಲ್ಲ. ಇನ್ನೊಂದು, ನೀವು ಮತ್ತು ನಿಮ್ಮ ಅಣ್ಣ ‘ಲೈಪೊಪ್ರೋಟೀನ್ ಎ’ ಎಂಬುದನ್ನು, ಅಂದರೆ ಕೊಲೆಸ್ಟ್ರಾಲ್ ಹೊರುವ ಇನ್ನೊಂದು ಬಗೆಯ ಕಣವನ್ನು, ಜೀವನದಲ್ಲಿ ಒಮ್ಮೆ ನೋಡಿಸಿ. ಮಾಮೂಲಿ ಲಿಪಿಡ್ ಪರೀಕ್ಷೆಯಲ್ಲಿ ಅದು ಸೇರಿರುವುದಿಲ್ಲ, ಬಾಯಿಬಿಟ್ಟು ಕೇಳಬೇಕು. ಅದರ ಮಟ್ಟವೂ ಬಹುಪಾಲು ಹುಟ್ಟಿನಿಂದಲೇ ತೀರ್ಮಾನವಾಗಿರುತ್ತದೆ, ಊಟ ಬದಲಿಸಿದರೆ ಬದಲಾಗುವುದಿಲ್ಲ.

ನನಗೂ ಒಂದು ಅನುಮಾನ. ಭಾರತದಲ್ಲಿ ನೂರಕ್ಕೆ ನಾಲ್ಕು ಜನರಲ್ಲಿ ಹೃದಯದ ಜೀನ್ ದೋಷ ಇದೆ ಎಂದು ಎಲ್ಲೋ ಓದಿದ್ದೆ. ಇದು ಅದೇ ಏನು?

ವೈದ್ಯೆ, ರಾಯಚೂರು

ಅಲ್ಲ. ಅದು ಎಂವೈಬಿಪಿಸಿ3 ಎಂಬ ಜೀನ್. ಅದರಲ್ಲಿ ಡಿಎನ್‌ಎಯ 25 ಅಕ್ಷರ ಬಿಟ್ಟುಹೋದ ರೂಪವನ್ನು ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯವರೂ ಸೇರಿದ ತಂಡ 2009ರಲ್ಲಿ ವರದಿ ಮಾಡಿತು. ಅದು ಹೃದಯದ ಸ್ನಾಯುವಿಗೆ ಸಂಬಂಧಿಸಿದ್ದು. ಗುಮಾಸ್ತರದು ರಕ್ತನಾಳದ ಕಥೆ.

ಗುಮಾಸ್ತರೇ, ಮೊದಲಿಗೆ, ‘ತೆಳ್ಳಗಿದ್ದೀರಿ’ ಎಂದು ಕಳುಹಿಸಿದ್ದಕ್ಕೆ ನಮ್ಮ ವೃತ್ತಿಯ ಪರವಾಗಿ ನಾನು ತಲೆ ತಗ್ಗಿಸುತ್ತೇನೆ. ನಿಮ್ಮನ್ನು ಮುಟ್ಟಿ ನೋಡದೆ ಖಚಿತವಾಗಿ ಹೇಳಬಾರದು, ಆದರೆ ನೀವು ಬರೆದದ್ದು ಫ್ಯಾಮಿಲಿಯಲ್ ಹೈಪರ್‌ಕೊಲೆಸ್ಟರಾಲೀಮಿಯಾದ, ಅಂದರೆ ವಂಶದಲ್ಲಿ ಇಳಿದುಬರುವ ಅಧಿಕ ಕೊಲೆಸ್ಟ್ರಾಲಿನ, ಚಿತ್ರದಂತೆಯೇ ಇದೆ. ಇದು ಅಪರೂಪವಲ್ಲ, ಸುಮಾರು 250 ಜನರಲ್ಲಿ ಒಬ್ಬರಿಗೆ ಇರುತ್ತದೆ. ಹಿಮ್ಮಡಿಯ ಮೇಲೆ ದಪ್ಪಗಾಗಿರುವುದು ನರವಲ್ಲ, ಸ್ನಾಯುರಜ್ಜು; ಅದರೊಳಗೆ ಕೊಲೆಸ್ಟ್ರಾಲ್ ಕೂತಿರಬಹುದು. ನಿಮ್ಮ ತಂದೆಯವರ ಗಂಟುಗಳೂ ಬಹುಶಃ ಅವೇ. ಕತ್ತರಿಯ ತಪ್ಪಿರಲಾರದು.

ಒಳ್ಳೆಯ ಸುದ್ದಿ ಇದೆ. ನಿಮ್ಮಲ್ಲಿ ಒಂದು ಪ್ರತಿ ಸರಿಯಾಗಿದೆ. ಸ್ಟ್ಯಾಟಿನ್ ಮಾತ್ರೆ, ಯಕೃತ್ತಿನ ಕೋಶ ತಾನೇ ಕೊಲೆಸ್ಟ್ರಾಲ್ ತಯಾರಿಸುವುದನ್ನು ತಡೆಯುತ್ತದೆ. ಕೊರತೆ ಬಿದ್ದ ಕೋಶ, ಇದ್ದ ಒಂದು ಪ್ರತಿಯಿಂದಲೇ ಹೆಚ್ಚು ರಿಸೆಪ್ಟರ್ ತಯಾರಿಸಿ ರಕ್ತದಿಂದ ಎಳೆದುಕೊಳ್ಳುತ್ತದೆ. ಸಾಲದಿದ್ದರೆ ಚುಚ್ಚುಮದ್ದುಗಳಿವೆ. ಪಿಸಿಎಸ್‌ಕೆ9 ಎಂಬ ಪ್ರೋಟೀನು ಮೇಷ್ಟ್ರ ಹಮಾಲನನ್ನು ಬಾಗಿಲಿಗೆ ಮರಳಲು ಬಿಡದೆ ನಾಶಕ್ಕೆ ಕಳುಹಿಸುತ್ತದೆ. ಅದನ್ನು ತಡೆದರೆ ಅದೇ ಹಮಾಲ ಹೆಚ್ಚು ದಿನ ದುಡಿಯುತ್ತಾನೆ. ಬೆಲೆ ಮಾತ್ರ ಸದ್ಯಕ್ಕೆ ಗುಮಾಸ್ತರ ಸಂಬಳಕ್ಕಲ್ಲ.

ಇನ್ನು ಮದುವೆ. ಗಂಡ ಹೆಂಡತಿ ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಇದ್ದರೆ, ಹುಟ್ಟುವ ಪ್ರತಿಯೊಂದು ಮಗುವಿಗೂ ಎರಡೂ ಕೆಟ್ಟವೇ ಸಿಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಂಥ ಮಕ್ಕಳ ಎಲ್‌ಡಿಎಲ್ 500 ದಾಟಬಹುದು, ಮೊಣಕಾಲು ಮೊಣಕೈ ಮೇಲೆ ಹಳದಿ ಉಬ್ಬುಗಳು ಬರುತ್ತವೆ, ಇಪ್ಪತ್ತರೊಳಗೇ ಹೃದಯಾಘಾತವಾಗಬಹುದು. ಹೆಚ್ಚಿಸಿಕೊಳ್ಳಲು ಸರಿಯಾದ ಪ್ರತಿಯೇ ಇಲ್ಲದ್ದರಿಂದ ಸ್ಟ್ಯಾಟಿನ್ ಕೂಡ ಅವರಲ್ಲಿ ಹೆಚ್ಚು ನಡೆಯುವುದಿಲ್ಲ. ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಇದ್ದರೆ ಈ ಭಯ ಇಲ್ಲ. ಆದ್ದರಿಂದ ಮದುವೆ ನಿಲ್ಲಿಸಿ ಎಂದು ಹೇಳಬೇಡಿ, ರಕ್ತ ನೋಡಿಸಿ ಎನ್ನಿ. ನಿಮ್ಮ ಇಬ್ಬರು ಮಕ್ಕಳು, ಹೆಂಡತಿ, ಅಕ್ಕ ಈ ವಾರವೇ. ಜೀನ್ ಪರೀಕ್ಷೆ ಆಮೇಲೆ ನೋಡೋಣ, ಮೊದಲು ಮಾಮೂಲಿ ಲಿಪಿಡ್ ಪರೀಕ್ಷೆ.

ಗಿರಣಿ ಗುಮಾಸ್ತ, ಗಂಗಾವತಿ (ಮೂರು ವಾರದ ನಂತರ)

ಮೇಡಂ, ಮೇಷ್ಟ್ರೇ, ಬಳ್ಳಾರಿಯ ತಂಗಿ, ಎಲ್ಲರಿಗೂ ಕೈ ಮುಗಿಯುತ್ತೇನೆ. ಮನೆಯವರ ಹೆಸರುಗಳನ್ನೆಲ್ಲ ಕೆಂಪು ಬಟ್ಟೆಯ ಖಾತೆ ಪುಸ್ತಕವೊಂದರಲ್ಲಿ ಬರೆದು, ಮುಂದೆ ಅಂಕಿಗೆ ಒಂದು ಖಾನೆ ಹಾಕಿಕೊಂಡೆ. ನನಗೆ ಬರುವುದು ಅದೊಂದೇ ವಿದ್ಯೆ.

ಅಮ್ಮ 122. ಅಕ್ಕ 241. ‘ನನಗೆ ಎದೆ ಒಂದು ದಿನವೂ ನೋಯಲಿಲ್ಲ’ ಎಂದು ಜಗಳ ಆಡಿದಳು, ಮಾತ್ರೆಯನ್ನೂ ತೆಗೆದುಕೊಂಡಳು. ಹೆಂಡತಿ 108. ಆ ಕಾಗದ ನೋಡಿ ನಾನು ಪ್ರಯೋಗಾಲಯದ ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ. ಮಗ 91. ಮಗಳು 197. ಅವಳಿಗೆ ನನ್ನ ಮೂಗು ಬಂದಿದೆ ಎಂದು ಎಲ್ಲರೂ ಹೇಳುತ್ತಿದ್ದರು. ಮಕ್ಕಳ ವೈದ್ಯರ ಹತ್ತಿರ ಮುಂದಿನ ವಾರ ಹೋಗುತ್ತೇವೆ.

ಅಪ್ಪನ ಕತ್ತರಿಯನ್ನು ಅಮ್ಮ ಇಪ್ಪತ್ತೆಂಟು ವರ್ಷ ಟ್ರಂಕಿನಲ್ಲಿಟ್ಟಿದ್ದಳು, ಕೈ ಕೆಡಿಸುತ್ತದೆ ಎಂದು ಯಾರಿಗೂ ಮುಟ್ಟಗೊಡಿಸುತ್ತಿರಲಿಲ್ಲ. ಮೇಡಂ ಬರೆದದ್ದನ್ನು ಓದಿ ಹೇಳಿದೆ. ಏನೂ ಮಾತಾಡಲಿಲ್ಲ. ಮರುದಿನ ನೋಡಿದರೆ ಮಗಳು ಅದರಲ್ಲಿ ಶಾಲೆಯ ಬಣ್ಣದ ಕಾಗದ ಕತ್ತರಿಸುತ್ತಿದ್ದಾಳೆ.

ಮದುವೆಯ ಹುಡುಗಿ, ಅಕ್ಕನ ಎರಡನೆಯ ಮಗಳು, 103. ಇನ್ನು ಹುಡುಗನದು ಎಷ್ಟೇ ಬಂದರೂ ಮದುವೆಗೆ ಅಡ್ಡಿಯಿಲ್ಲ ಎಂದು ಎಲ್ಲರ ಮುಂದೆ ಹೇಳಿ ದೊಡ್ಡ ತಪ್ಪು ಮಾಡಿದೆ. ‘ಅಡ್ಡಿಯಿಲ್ಲವಲ್ಲ ಚಿಕ್ಕಪ್ಪಾ, ಮತ್ತೆ ನಾನೇಕೆ ರಕ್ತ ಕೊಡಲಿ’ ಎನ್ನುತ್ತಿದ್ದಾನೆ. ವಯಸ್ಸು 23. ಅಣ್ಣನ ಸ್ಟೆಂಟಿಗೆ ಆದ ಸಾಲದ ಕಂತನ್ನು ತಿಂಗಳು ತಿಂಗಳು ಕಟ್ಟುತ್ತಿರುವವನೂ ಅವನೇ. ಅವನ ಖಾನೆ ಇನ್ನೂ ಖಾಲಿ ಇದೆ.